ಎಳೆಯಬಲ್ಲ, ತಳ್ಳಲಾರದ ಸ್ನಾಯು: ಮೂಳೆ, ಕೀಲು ಮತ್ತು ಚಲನೆಯ ಕುರಿತ ಟಿಪ್ಪಣಿ

ಚಲನೆಯ ಪಾಠವನ್ನು ಅನೇಕರು ಕೀಲುಗಳ ಪ್ರಕಾರಗಳನ್ನು ಬಾಯಿಪಾಠ ಮಾಡುವುದರಿಂದ ಆರಂಭಿಸುತ್ತಾರೆ. ಅದಕ್ಕಿಂತ ಮೊದಲು ತಿಳಿಯಬೇಕಾದದ್ದು ಬೇರೊಂದಿದೆ: ಸ್ನಾಯು ಸಂಕುಚಿಸಿ ಎಳೆಯಬಲ್ಲದೇ ಹೊರತು ತಾನಾಗಿ ಉದ್ದವಾಗಿ ಯಾವುದನ್ನೂ ತಳ್ಳಲಾರದು. ಮಡಿಸಿದ ಕೈ ಮತ್ತೆ ನೇರವಾಗುವುದು ಹೇಗೆ, ಕೆಳಕ್ಕೆ ಬಡಿದ ರೆಕ್ಕೆ ಮತ್ತೆ ಮೇಲೇಳುವುದು ಹೇಗೆ ಎಂಬ ಪ್ರಶ್ನೆಗಳೆಲ್ಲ ಈ ಒಂದು ಮಿತಿಯಿಂದಲೇ ಹುಟ್ಟುತ್ತವೆ.

ಮಿತಿಗೆ ಕಾರಣ ಸ್ನಾಯುತಂತುವಿನ ಒಳರಚನೆಯಲ್ಲಿದೆ. ತಂತುವಿನೊಳಗೆ ಆಕ್ಟಿನ್ ಎಂಬ ತೆಳುವಾದ ಎಳೆಗಳೂ ಮಯೋಸಿನ್ ಎಂಬ ದಪ್ಪನೆಯ ಎಳೆಗಳೂ ಒಂದರ ನಡುವೆ ಒಂದು ಜೋಡಿಸಿಕೊಂಡಿರುತ್ತವೆ. ನರದಿಂದ ಸಂದೇಶ ಬಂದು ಕ್ಯಾಲ್ಸಿಯಂ ಬಿಡುಗಡೆಯಾದಾಗ ಮಯೋಸಿನ್‌ನ ತಲೆಗಳು ಆಕ್ಟಿನ್ ಎಳೆಯನ್ನು ಹಿಡಿದು ಒಳಕ್ಕೆ ಸೆಳೆಯುತ್ತವೆ. ಎಳೆಗಳ ಉದ್ದ ಬದಲಾಗದಿದ್ದರೂ ಅವು ಒಂದರ ಮೇಲೊಂದು ಸರಿಯುವುದರಿಂದ ಇಡೀ ತಂತು ಮೊಟಕಾಗುತ್ತದೆ. ಈ ವಿವರಣೆಯನ್ನು 1954ರಲ್ಲಿ ಎರಡು ಸಂಶೋಧಕ ಜೋಡಿಗಳು ಪ್ರತ್ಯೇಕವಾಗಿ ಪ್ರಕಟಿಸಿದವು: ಆಂಡ್ರ್ಯೂ ಹಕ್ಸ್‌ಲಿ ಮತ್ತು ನೀಡರ್‌ಗೆರ್ಕೆ ಒಂದು ಜೋಡಿ, ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್ ಇನ್ನೊಂದು. ಹಿಡಿತವನ್ನು ಬಿಡಿಸುವುದಕ್ಕೂ ಎಟಿಪಿ ಎಂಬ ಶಕ್ತಿದಾಯಕ ಅಣು ಬೇಕು ಎಂಬುದನ್ನು ಗಮನಿಸಬೇಕು. ಸಾವಿನ ನಂತರ ದೇಹ ಸೆಟೆದುಕೊಳ್ಳುವುದು ಎಟಿಪಿ ಮುಗಿದು ಮಯೋಸಿನ್ ತಲೆಗಳು ಕಳಚಿಕೊಳ್ಳಲಾಗದ ಕಾರಣದಿಂದಲೇ. ಎಳೆಗಳನ್ನು ಹೊರಕ್ಕೆ ದಬ್ಬುವ ಏರ್ಪಾಡು ಮಾತ್ರ ತಂತುವಿನೊಳಗೆ ಎಲ್ಲಿಯೂ ಇಲ್ಲ.

ಆದ್ದರಿಂದ ಮನುಷ್ಯನ ದೇಹದಲ್ಲಿ ಸ್ನಾಯುಗಳು ಎದುರುಬದುರಾಗಿ ಕೆಲಸ ಮಾಡುತ್ತವೆ. ವಯಸ್ಕರ 206 ಮೂಳೆಗಳನ್ನು ಆಡಿಸಲು 600ಕ್ಕೂ ಹೆಚ್ಚು ಅಸ್ಥಿಸ್ನಾಯುಗಳಿವೆ. ತೋಳಿನ ಮುಂಭಾಗದ ದ್ವಿಶಿರ ಸ್ನಾಯು ಸಂಕುಚಿಸಿದಾಗ ಮೊಣಕೈ ಮಡಿಯುತ್ತದೆ, ಹಿಂಭಾಗದ ತ್ರಿಶಿರ ಸ್ನಾಯು ಸಂಕುಚಿಸಿದಾಗ ಅದು ನೇರವಾಗುತ್ತದೆ. ಒಂದು ಎಳೆಯುವಾಗ ಇನ್ನೊಂದು ಸಡಿಲಗೊಂಡು ಹಿಗ್ಗಲು ಅವಕಾಶ ಕೊಡುತ್ತದೆ. ಶಾಲಾಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತವೆ. ವಾಸ್ತವದಲ್ಲಿ ದ್ವಿಶಿರದ ಅಡಿಯಲ್ಲಿರುವ ಬ್ರೇಕಿಯಾಲಿಸ್ ಎಂಬ ಸ್ನಾಯುವೇ ಮೊಣಕೈ ಮಡಿಸುವ ಕೆಲಸದ ದೊಡ್ಡ ಪಾಲನ್ನು ನಿರ್ವಹಿಸುತ್ತದೆ, ದ್ವಿಶಿರವು ಅಂಗೈಯನ್ನು ಮೇಲ್ಮುಖವಾಗಿ ತಿರುಗಿಸುವುದಕ್ಕೂ ನೆರವಾಗುತ್ತದೆ.

ಎಳೆತವು ಚಲನೆಯಾಗಬೇಕಾದರೆ ಗಟ್ಟಿಯಾದ ಸನ್ನೆಕೋಲೊಂದು ಬೇಕು. ಮೂಳೆಯ ಪಾತ್ರ ಅದೇ. ದ್ವಿಶಿರ ಸ್ನಾಯುವಿನ ತುದಿಯ ಹಗ್ಗದಂಥ ರಜ್ಜು ಮುಂಗೈ ಮೂಳೆಗೆ ಅಂಟಿಕೊಳ್ಳುವುದು ಮೊಣಕೈಯಿಂದ ಸುಮಾರು 4ರಿಂದ 5 ಸೆಂಟಿಮೀಟರ್ ದೂರದಲ್ಲಿ, ಆದರೆ ಭಾರವಿರುವುದು ಸುಮಾರು 35 ಸೆಂಟಿಮೀಟರ್ ಆಚೆಗಿನ ಅಂಗೈಯಲ್ಲಿ. ಹೀಗಾಗಿ ಮೊಣಕೈಯನ್ನು ಲಂಬಕೋನದಲ್ಲಿ ಮಡಿಸಿ ಒಂದು ವಸ್ತುವನ್ನು ಹಿಡಿದು ನಿಲ್ಲಲು ಸ್ನಾಯುಗಳು ಅದರ ಭಾರದ ಏಳೆಂಟು ಪಟ್ಟು ಬಲ ಹಾಕಬೇಕಾಗುತ್ತದೆ. ಇದು ನಷ್ಟದ ಬಾಬತ್ತಿನಂತೆ ಕಂಡರೂ ಪ್ರತಿಫಲವಿದೆ: ಸ್ನಾಯು ಒಂದೇ ಸೆಂಟಿಮೀಟರ್ ಮೊಟಕಾದರೆ ಅಂಗೈ ಅದರ ಏಳೆಂಟು ಪಟ್ಟು ದೂರವನ್ನು ಅಷ್ಟೇ ಅವಧಿಯಲ್ಲಿ ಕ್ರಮಿಸುತ್ತದೆ. ಬಲವನ್ನು ತೆತ್ತು ವೇಗವನ್ನು ಪಡೆಯುವ ಈ ವ್ಯವಸ್ಥೆ ಓಡುವ, ಎಸೆಯುವ ಪ್ರಾಣಿಗೆ ಒಪ್ಪುವಂಥದು.

ಸ್ನಾಯುವನ್ನು ಮೂಳೆಗೆ ಸೇರಿಸುವುದು ಸ್ನಾಯುರಜ್ಜು, ಮೂಳೆಯನ್ನು ಮೂಳೆಗೆ ಬಿಗಿಯುವುದು ಅಸ್ಥಿರಜ್ಜು. ಪರೀಕ್ಷೆಯಲ್ಲಿ ಇವೆರಡು ಅದಲುಬದಲಾಗುವುದು ಸಾಮಾನ್ಯ. ಸ್ನಾಯುರಜ್ಜುವಿನ ಪ್ರಯೋಜನವನ್ನು ಬೆರಳುಗಳಲ್ಲಿ ಸ್ಪಷ್ಟವಾಗಿ ಕಾಣಬಹುದು. ಬೆರಳಿನ ಮೂಳೆಗಳನ್ನು ಆಡಿಸುವ ಸ್ನಾಯುಗಳು ಅಂಗೈಯಲ್ಲೂ ಮುಂಗೈಯಲ್ಲೂ ಇದ್ದು, ಉದ್ದನೆಯ ರಜ್ಜುಗಳ ಮೂಲಕ ದೂರದಿಂದಲೇ ಬೆರಳನ್ನು ಎಳೆಯುತ್ತವೆ. ಮುಂಗೈಯನ್ನು ಇನ್ನೊಂದು ಕೈಯಿಂದ ಹಿಡಿದು ಬೆರಳುಗಳನ್ನು ಆಡಿಸಿದರೆ ಒಳಗೆ ಸ್ನಾಯು ಉಬ್ಬುವುದು ತಿಳಿಯುತ್ತದೆ.

ಕೀಲು ಎಳೆತಕ್ಕೆ ದಿಕ್ಕನ್ನು ನಿಗದಿಪಡಿಸುತ್ತದೆ. ಮೊಣಕೈ, ಮೊಣಕಾಲುಗಳಲ್ಲಿರುವ ಬಿಜಾಗರಿ ಕೀಲು ಮುಖ್ಯವಾಗಿ ಒಂದೇ ಸಮತಲದಲ್ಲಿ ಆಡುತ್ತದೆ. ಭುಜ ಮತ್ತು ಸೊಂಟದ ಚೆಂಡು-ಕುಳಿ ಕೀಲು ಎಲ್ಲ ದಿಕ್ಕುಗಳಿಗೂ ತಿರುಗುತ್ತದೆ. ಕತ್ತಿನ ಮೊದಲೆರಡು ಕಶೇರುಮಣಿಗಳ ನಡುವಿನ ತಿರುಗೂಟ ಕೀಲಿನಿಂದ ತಲೆಯನ್ನು ಅಡ್ಡಡ್ಡವಾಗಿ ಆಡಿಸುತ್ತೇವೆ, ಮೇಲೆ ಕೆಳಗೆ ಆಡಿಸುವುದು ತಲೆಬುರುಡೆ ಮತ್ತು ಮೊದಲ ಮಣಿಯ ನಡುವಿನ ಕೀಲಿನಲ್ಲಿ. ಆಡುವ ಕೀಲುಗಳಲ್ಲಿ ಮೂಳೆಯ ತುದಿಗಳನ್ನು ನುಣುಪಾದ ಮೃದ್ವಸ್ಥಿ ಹೊದ್ದಿರುತ್ತದೆ, ನಡುವಿನ ಕೀಲುದ್ರವ ಘರ್ಷಣೆಯನ್ನು ತಗ್ಗಿಸುತ್ತದೆ.

ಇನ್ನು ಪ್ರಾಣಿಗಳ ವಿಷಯ. ಹಕ್ಕಿಯ ರೆಕ್ಕೆಯನ್ನು ಕೆಳಕ್ಕೆ ಎಳೆಯುವ ದೊಡ್ಡ ಸ್ನಾಯು ಎದೆಮೂಳೆಯ ಮೇಲಿರುವುದು ಸಹಜ. ಮೇಲಕ್ಕೆತ್ತುವ ಸ್ನಾಯು ಬೆನ್ನಿನ ಮೇಲಿರಬಹುದೆಂದು ಊಹಿಸಿದರೆ ಉತ್ತರ ತಪ್ಪುತ್ತದೆ. ಅದೂ ಎದೆಯಲ್ಲಿಯೇ, ದೊಡ್ಡ ಸ್ನಾಯುವಿನ ಅಡಿಯಲ್ಲಿದೆ. ಅದರ ರಜ್ಜು ಭುಜದ ಮೂಳೆಗಳ ನಡುವಿನ ಕಿಂಡಿಯ ಮೂಲಕ ಹಾದು ರೆಕ್ಕೆಯ ಮೂಳೆಗೆ ಮೇಲ್ಭಾಗದಿಂದ ಅಂಟಿಕೊಂಡಿರುವುದರಿಂದ, ರಾಟೆಯ ಮೇಲೆ ಹಾದ ಹಗ್ಗದ ಹಾಗೆ, ಕೆಳಗಿನ ಎಳೆತವು ರೆಕ್ಕೆಯನ್ನು ಮೇಲಕ್ಕೆತ್ತುತ್ತದೆ. ಹಾರಾಟದ ಮುಖ್ಯ ಸ್ನಾಯುಗಳೆರಡೂ ಕೆಳಗಿರುವುದರಿಂದ ಹಕ್ಕಿಯ ಗುರುತ್ವಕೇಂದ್ರವೂ ತಗ್ಗಿನಲ್ಲಿ ಉಳಿಯುತ್ತದೆ.

ಜಿರಳೆಯಂತಹ ಕೀಟಗಳಲ್ಲಿ ಅಸ್ಥಿಪಂಜರದ ಬದಲು ಕೈಟಿನ್ ಎಂಬ ಗಡಸು ವಸ್ತುವಿನಿಂದಾದ ಹೊರಕವಚವಿದ್ದು, ಸ್ನಾಯುಗಳು ಅದರ ಒಳಮೈಗೆ ಅಂಟಿರುತ್ತವೆ. ಜೇಡವೂ ಕವಚಧಾರಿಯೇ, ಆದರೆ ಅದರ ಕಾಲಿನ ಎರಡು ಪ್ರಮುಖ ಕೀಲುಗಳಲ್ಲಿ ಮಡಿಸುವ ಸ್ನಾಯುಗಳಿವೆ, ಚಾಚುವ ಸ್ನಾಯುಗಳಿಲ್ಲ. ಅಲ್ಲಿ ಎದುರು ಸ್ನಾಯುವಿನ ಕೆಲಸವನ್ನು ದೇಹದ್ರವದ ಒತ್ತಡ ಮಾಡುತ್ತದೆ. ಸತ್ತ ಜೇಡದ ಕಾಲುಗಳು ಒಳಕ್ಕೆ ಮುದುರಿರುವುದು ಆ ಒತ್ತಡ ಇಳಿದುಹೋದದ್ದರಿಂದ.

ಎರೆಹುಳುವಿಗೆ ಮೂಳೆಯೂ ಇಲ್ಲ, ಕವಚವೂ ಇಲ್ಲ. ಅದರ ಪ್ರತಿ ಖಂಡದೊಳಗೆ ತುಂಬಿರುವ ದ್ರವದ ಗಾತ್ರ ಬದಲಾಗದು, ಹಾಗಾಗಿ ಸುತ್ತುವರಿದ ವರ್ತುಲ ಸ್ನಾಯು ಹಿಂಡಿದಾಗ ಖಂಡ ತೆಳ್ಳಗಾಗಿ ಉದ್ದವಾಗುತ್ತದೆ, ನೀಳ ಸ್ನಾಯು ಎಳೆದಾಗ ಗಿಡ್ಡವಾಗಿ ದಪ್ಪವಾಗುತ್ತದೆ. ದಪ್ಪಗಾದ ಭಾಗದ ಬಿರುಗೂದಲುಗಳು ಮಣ್ಣನ್ನು ಕಚ್ಚಿ ಹಿಡಿದಿರುವಾಗ ಮುಂದಿನ ಭಾಗ ಚಾಚಿಕೊಳ್ಳುತ್ತದೆ. ಆನೆಯ ಸೊಂಡಿಲು ಮತ್ತು ನಮ್ಮ ನಾಲಿಗೆ ಇದೇ ತತ್ತ್ವವನ್ನು ದ್ರವದ ಕೋಶವಿಲ್ಲದೆ, ಸ್ನಾಯುವಿನ ಗಾತ್ರವನ್ನೇ ಆಧಾರವಾಗಿಟ್ಟುಕೊಂಡು ಬಳಸುತ್ತವೆ: ಅಡ್ಡಲಾಗಿರುವ ತಂತುಗಳು ಸಂಕುಚಿಸಿ ನಾಲಿಗೆಯನ್ನು ಕಿರಿದಾಗಿಸಿದಾಗ ಅದು ಉದ್ದವಾಗುತ್ತದೆ, ಉದ್ದುದ್ದ ಹಾಯ್ದ ತಂತುಗಳು ಸಂಕುಚಿಸಿದಾಗ ಮತ್ತೆ ಗಿಡ್ಡವಾಗುತ್ತದೆ.