ಡಿಸ್ಕ್ ನೂರಕ್ಕೆ ನೂರು, ಕೆಲಸ ಮಾತ್ರ ಕಾಲು ಎಂಬಿ

ವಿಂಡೋಸ್ ಲ್ಯಾಪ್‌ಟಾಪ್ ಆನ್ ಮಾಡಿ, ಡೆಸ್ಕ್‌ಟಾಪ್ ಕಂಡ ಕೂಡಲೇ ರೈಟ್ ಕ್ಲಿಕ್ ಮಾಡಿ ಐದಾರು ಸಲ ‘ರಿಫ್ರೆಶ್’ ಒತ್ತುವವರು ಇನ್ನೂ ಇದ್ದಾರೆ. ಲ್ಯಾಪ್‌ಟಾಪ್ ಚುರುಕಾಗುತ್ತದೆ ಅಂತ ನಂಬಿಕೆ. ರಿಫ್ರೆಶ್ ಮಾಡುವುದು ಇಷ್ಟೇ: ಐಕಾನ್‌ಗಳನ್ನು ಪರದೆಯ ಮೇಲೆ ಮತ್ತೊಮ್ಮೆ ಮೂಡಿಸುತ್ತದೆ. ಅದರಿಂದ ಮೆಮೊರಿಯೂ ಖಾಲಿಯಾಗುವುದಿಲ್ಲ, ಪ್ರೊಸೆಸರ್‌ಗೆ ಹುರುಪೂ ಬರುವುದಿಲ್ಲ. ನೀವು ಒತ್ತುತ್ತಾ ಕೂತ ಹೊತ್ತಿನಲ್ಲಿ ಹಿಂದೆ ನಡೆಯುತ್ತಿದ್ದ ಕೆಲಸ ಒಂದಿಷ್ಟು ಮುಗಿದಿರುತ್ತದೆ. ಹೆಸರು ಮಾತ್ರ ರಿಫ್ರೆಶ್‌ಗೆ.

‘ಹಳೇದಾಯ್ತು, ಅದಕ್ಕೇ ನಿಧಾನ’ ಅನ್ನುವುದೂ ಹೆಚ್ಚುಕಮ್ಮಿ ಇದೇ ಜಾತಿಯ ಮಾತು. ದೂಳು ತುಂಬಿ ಬಿಸಿಯೇರುತ್ತಿದ್ದರೆ ಬೇರೆ ವಿಷಯ. ಇಲ್ಲದಿದ್ದರೆ ಪ್ರೊಸೆಸರ್ ಇವತ್ತಿಗೂ ಕೊಂಡಾಗಿನ ವೇಗದಲ್ಲೇ ಓಡುತ್ತದೆ. ಹೆಚ್ಚಾಗಿರುವುದು ಹೊರೆ. ಚಾಟ್, ಮ್ಯೂಸಿಕ್, ಗೇಮ್, ಪ್ರಿಂಟರ್ ಅಂತ ನಾವು ‘ನೆಕ್ಸ್ಟ್, ನೆಕ್ಸ್ಟ್’ ಒತ್ತಿ ಹಾಕಿಕೊಂಡ ಪ್ರೋಗ್ರಾಂಗಳಲ್ಲಿ ಎಷ್ಟೋ, ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯ ‘ರನ್’ ಪಟ್ಟಿಯಲ್ಲೋ ಸ್ಟಾರ್ಟಪ್ ಫೋಲ್ಡರಿನಲ್ಲೋ ಸದ್ದಿಲ್ಲದೆ ಹೆಸರು ಬರೆದುಕೊಂಡಿರುತ್ತವೆ. ನೀವು ಲಾಗಿನ್ ಆದಿರೋ, ಎಲ್ಲವೂ ಒಟ್ಟೊಟ್ಟಿಗೇ ಏಳುತ್ತವೆ.

ಏಳಲಿ ಬಿಡಿ, ಪ್ರೊಸೆಸರ್ ಅಷ್ಟು ವೇಗವಾಗಿದೆಯಲ್ಲ? ಹಾರ್ಡ್ ಡಿಸ್ಕ್ ಇರುವ ಲ್ಯಾಪ್‌ಟಾಪಿನಲ್ಲಿ ಲಾಗಿನ್ ಆದ ತಕ್ಷಣ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ನೋಡಿ. ಡಿಸ್ಕ್ ಕಾಲಮ್ಮಿನ ತಲೆಯ ಮೇಲೆ 100% ಅಂತಿರುತ್ತದೆ. ಕೆಳಗಿನ ಸಾಲುಗಳಲ್ಲಿ ಮಾತ್ರ ಸೆಕೆಂಡಿಗೆ 0.1 ಎಂಬಿ, 0.3 ಎಂಬಿ ಅನ್ನುವಂಥ ಪುಡಿ ಅಂಕಿಗಳು. ಎಲ್ಲ ಕೂಡಿದರೂ ದೊಡ್ಡ ಮೊತ್ತವೇನೂ ಆಗುವುದಿಲ್ಲ. ಆ 100% ಎಷ್ಟು ಡೇಟಾ ಬಂತು ಅನ್ನುವ ಲೆಕ್ಕ ಅಲ್ಲವೇ ಅಲ್ಲ. ಡಿಸ್ಕ್ ಎಷ್ಟು ಹೊತ್ತು ಬಿಡುವಿಲ್ಲದೆ ಇತ್ತು ಅನ್ನುವ ಲೆಕ್ಕ.

ಬಿಡುವಿಲ್ಲದೆ ಏನು ಮಾಡುತ್ತಿತ್ತು? ಹುಡುಕುತ್ತಿತ್ತು. ಲ್ಯಾಪ್‌ಟಾಪಿನ ಸಾಮಾನ್ಯ ಹಾರ್ಡ್ ಡಿಸ್ಕ್ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ 11 ಮಿಲಿಸೆಕೆಂಡು. ಬೇಕಾದ ಜಾಗ ಓದುವ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ತಲೆಯನ್ನು ಹೊತ್ತ ತೋಳು ಆ ಸಾಲಿಗೆ ಸರಿಯಲು ಇನ್ನೊಂದು 12 ಮಿಲಿಸೆಕೆಂಡು ಹಿಡಿಯಿರಿ. ಅಲ್ಲಿಗೆ ಸುಮಾರು 17 ಆಯಿತು. ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 60 ಸಲ ಹುಡುಕಿ ಓದಬಹುದು. ಪ್ರತಿ ಸಲ ಸಿಗುವುದು 4 ಕೆಬಿಯ ಚೂರಾದರೆ ಸೆಕೆಂಡಿಗೆ 240 ಕೆಬಿ, ಕಾಲು ಎಂಬಿ! ಅದೇ ಡೇಟಾ ಒಂದೇ ಕಡೆ ಸಾಲಾಗಿದ್ದರೆ ಇದೇ ಡಿಸ್ಕ್ ಸೆಕೆಂಡಿಗೆ 100 ಎಂಬಿ ಓದಿಬಿಡುತ್ತದೆ. 400 ಪಟ್ಟು ವ್ಯತ್ಯಾಸ. ಒಂದೊಂದು ಹುಡುಕಾಟದ ಹೊತ್ತಿನಲ್ಲಿ 2 ಗಿಗಾಹರ್ಟ್ಸ್ ಪ್ರೊಸೆಸರ್ 3.4 ಕೋಟಿ ಸಲ ಮಿಡಿದಿರುತ್ತದೆ, ಸುಮ್ನೆ.

ದೊಡ್ಡ ಉಗ್ರಾಣದಲ್ಲಿ ಒಬ್ಬನೇ ಉಗ್ರಾಣಿ ಇದ್ದಾನೆ ಅಂದುಕೊಳ್ಳಿ. ಒಬ್ಬರು ಬಂದು ಪೂರ್ತಿ ಪಟ್ಟಿ ಕೊಟ್ಟರೆ ಒಂದೇ ಸುತ್ತಿನಲ್ಲಿ ಎಲ್ಲ ತಂದುಕೊಡುತ್ತಾನೆ. ಹತ್ತು ಜನ ಒಟ್ಟಿಗೆ ನಿಂತು ಸರದಿಯ ಮೇಲೆ ಒಂದೊಂದೇ ಸಾಮಾನು ಕೇಳಿದರೆ? ಈ ಮೂಲೆಯಿಂದ ಆ ಮೂಲೆಗೆ ಓಡಿಯೇ ಅವನ ದಿನ ಕಳೆಯುತ್ತದೆ. ಇದು ಗೊತ್ತಿದ್ದೇ 2001ರ ವಿಂಡೋಸ್ ಎಕ್ಸ್‌ಪಿ, ಬೂಟ್ ಆಗುವಾಗ, ಅಂದರೆ ಆನ್ ಮಾಡಿದ ಮೇಲೆ ಕೆಲಸಕ್ಕೆ ಸಿದ್ಧವಾಗುವಾಗ, ಏನೇನು ಓದಬೇಕಾಗುತ್ತದೆ ಅಂತ ಬರೆದಿಟ್ಟುಕೊಂಡು ಮುಂದಿನ ಸಲ ಮೊದಲೇ ತಂದಿಡುವ ಉಪಾಯ ಮಾಡಿತು. ಹಾರ್ಡ್ ಡಿಸ್ಕಿನ ಬದಲು ಚಿಪ್‌ಗಳಲ್ಲೇ ಡೇಟಾ ಇಡುವ ಎಸ್‌ಎಸ್‌ಡಿಯಲ್ಲಿ ತೋಳೂ ಇಲ್ಲ, ಸುತ್ತೂ ಇಲ್ಲ. ಹುಡುಕಾಟಕ್ಕೆ ಮಿಲಿಸೆಕೆಂಡಿನ ಹತ್ತನೇ ಒಂದು ಭಾಗ ಸಾಕು. ದುಡ್ಡು ಖರ್ಚು ಮಾಡುವುದೇ ಆದರೆ ಮೊದಲು ಇದಕ್ಕೆ ಮಾಡಿ.

ವಿಂಡೋಸ್‌ಗೂ ಮೊದಲಿನ ಡಾಸ್ ಕಾಲದಲ್ಲಿ ಈ ನೂಕುನುಗ್ಗಲು ಇರಲಿಲ್ಲ. ಆಟೊಎಕ್ಸೆಕ್ ಡಾಟ್ ಬ್ಯಾಟ್ ಅನ್ನುವ ಒಂದು ಫೈಲ್, ಅದರಲ್ಲಿ ಒಂದರ ಕೆಳಗೊಂದು ಸಾಲು, ಒಂದು ಮುಗಿದ ಮೇಲೆ ಇನ್ನೊಂದು. 1984ರಲ್ಲಿ ಬೋರ್ಲ್ಯಾಂಡ್ ಕಂಪನಿಯ ಸೈಡ್‌ಕಿಕ್ ಬಂತು. ಅದು ಮೆಮೊರಿಯಲ್ಲೇ ಕೂತಿದ್ದು, ಕೀಲಿ ಒತ್ತಿದಾಗ ಕ್ಯಾಲ್ಕುಲೇಟರ್, ನೋಟ್‌ಪ್ಯಾಡ್ ಮುಂದಿಡುತ್ತಿತ್ತು. ಆದರೆ ಇದ್ದದ್ದೇ 640 ಕೆಬಿ ಮೆಮೊರಿ. ಯಾರನ್ನು ಒಳಗೆ ಕೂರಿಸಬೇಕು ಅಂತ ಜನ ಲೆಕ್ಕ ಹಾಕಿಯೇ ತೀರುತ್ತಿದ್ದರು. ಗಿಗಾಬೈಟ್‌ಗಳು ಬಂದವು, ಲೆಕ್ಕ ಹೋಯಿತು.

ಆ ಲೆಕ್ಕವನ್ನು ಮತ್ತೆ ಹಾಕಿ ತೋರಿಸಿದವರು ಆರ್ಯನ್ ವಾನ್ ಡಿ ವೆನ್ ಮತ್ತು ಔಕ ಕಾಕ್ ಎಂಬ ಇಂಟೆಲ್ ಎಂಜಿನಿಯರುಗಳು. 2008ರಲ್ಲಿ ಅವರು ಏಸುಸ್ ಕಂಪನಿಯ ‘ಈ ಪಿಸಿ’ (Eee PC) ಎಂಬ ಪುಟ್ಟ ಲ್ಯಾಪ್‌ಟಾಪಿನಲ್ಲಿ, ವಿಂಡೋಸ್‌ನಂಥದೇ ಇನ್ನೊಂದು ಆಪರೇಟಿಂಗ್ ಸಿಸ್ಟಂ ಆದ ಲಿನಕ್ಸನ್ನು 5 ಸೆಕೆಂಡಿನಲ್ಲಿ ಬೂಟ್ ಮಾಡಿದರು. ಇರುವುದೇ 5 ಸೆಕೆಂಡು, ಅದರೊಳಗೆ ಹಂಚಿಕೊಳ್ಳಿ ಅನ್ನುವುದು ಅವರ ಪಟ್ಟು. ಡೆಸ್ಕ್‌ಟಾಪ್ ಕಂಡರೆ ಬೂಟ್ ಆದಂತಲ್ಲ, ಡಿಸ್ಕೂ ಪ್ರೊಸೆಸರೂ ಬಿಡುವಾದರೆ ಮಾತ್ರ ಆದಂತೆ ಅನ್ನುವ ಅವರ ಅಳತೆಯಂತೂ ನನಗೆ ತುಂಬ ಇಷ್ಟ.

ನಿಮ್ಮ ಪಟ್ಟಿ ಟಾಸ್ಕ್ ಮ್ಯಾನೇಜರಿನ ‘ಸ್ಟಾರ್ಟಪ್’ ಪುಟದಲ್ಲಿದೆ. ಅಲ್ಲಿ ‘ಹೈ’ ಅಂತಿದ್ದರೆ ಆ ಪ್ರೋಗ್ರಾಂ 3 ಎಂಬಿಗಿಂತ ಜಾಸ್ತಿ ಡಿಸ್ಕ್ ಬಳಸಿದೆ, ಇಲ್ಲವೇ ಪ್ರೊಸೆಸರಿನ 1 ಸೆಕೆಂಡಿಗಿಂತ ಜಾಸ್ತಿ ತಿಂದಿದೆ ಅಂತ ಅರ್ಥ. ಆ 3 ಎಂಬಿ ಎಷ್ಟು ಕಡೆ ಚದುರಿತ್ತು ಅಂತ ಮಾತ್ರ ಹೇಳುವುದಿಲ್ಲ, ಅದೇ ಕೊರತೆ. ‘ಡಿಸೇಬಲ್’ ಒತ್ತಲು ಹೆದರಬೇಡಿ. ಪ್ರೋಗ್ರಾಂ ಅಳಿಸಿಹೋಗುವುದಿಲ್ಲ, ಬೇಕಾದಾಗ ತೆರೆದುಕೊಳ್ಳಬಹುದು. ಚಾಟ್, ಮ್ಯೂಸಿಕ್, ಗೇಮ್ ಲಾಂಚರ್‌ಗಳನ್ನು ಕಣ್ಣುಮುಚ್ಚಿ ನಿಲ್ಲಿಸಿ. ಆಂಟಿವೈರಸ್ ಮತ್ತು ಟಚ್‌ಪ್ಯಾಡ್‌ನದು ಇರಲಿ. ಕ್ಲೌಡ್ ಸಿಂಕ್ ನಿಲ್ಲಿಸಿದರೆ ನೀವಾಗಿ ತೆರೆಯುವವರೆಗೆ ಫೈಲುಗಳು ಮೇಲೆ ಹೋಗುವುದಿಲ್ಲ, ನೆನಪಿರಲಿ. ‘ಪಿಸಿ ಬೂಸ್ಟರ್’ ಥರದ್ದನ್ನು ಹಾಕಿಕೊಂಡಿದ್ದರೆ ಅದರ ಹೆಸರನ್ನೂ ಇದೇ ಪಟ್ಟಿಯಲ್ಲಿ ಹುಡುಕಿ. ಸಿಕ್ಕರೆ ನಗು ಬರುತ್ತದೆ, ಅಲ್ವಾ?

ಇಷ್ಟು ಮಾಡಿದ ಮೇಲೆ ಶಟ್‌ಡೌನ್ ಬೇಡ, ರಿಸ್ಟಾರ್ಟ್ ಮಾಡಿ. ವಿಂಡೋಸ್ 8ರಿಂದ ‘ಫಾಸ್ಟ್ ಸ್ಟಾರ್ಟಪ್’ ಅನ್ನುವುದಿದೆ. ಅದು ಆನ್ ಆಗಿದ್ದರೆ ಶಟ್‌ಡೌನ್ ಮಾಡಿದಾಗ ವಿಂಡೋಸ್‌ನ ತಿರುಳಾದ ಕರ್ನಲ್ ಪೂರ್ತಿ ಮುಚ್ಚುವುದಿಲ್ಲ, ತನ್ನ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಮಲಗುತ್ತದೆ. ದಿನಾ ರಾತ್ರಿ ಆಫ್ ಮಾಡಿದರೂ ಟಾಸ್ಕ್ ಮ್ಯಾನೇಜರಿನ ‘ಅಪ್ ಟೈಮ್’ ಎಷ್ಟೋ ದಿನ ತೋರಿಸುವುದು ಇದಕ್ಕೇ. ಹೊಸದಾಗಿ ಶುರುವಾಗುವುದು ರಿಸ್ಟಾರ್ಟ್‌ನಲ್ಲಿ. ಫಲ ಎಷ್ಟು ಸಿಕ್ಕಿತು ಅಂತ ಕಣ್ಣಂದಾಜು ಬೇಡ ಅನ್ನುವವರು ವಿಂಡೋಸ್‌ನಲ್ಲೇ ಇರುವ ಈವೆಂಟ್ ವ್ಯೂವರಿನಲ್ಲಿ ‘ಡಯಾಗ್ನಾಸ್ಟಿಕ್ಸ್-ಪರ್ಫಾರ್ಮೆನ್ಸ್’ ಲಾಗ್ ತೆರೆದು 100ನೇ ಸಂಖ್ಯೆಯ ಈವೆಂಟ್ ಹುಡುಕಿ. ಬೂಟ್‌ಗೆ ಹಿಡಿದ ಹೊತ್ತು ಅಲ್ಲಿ ಮಿಲಿಸೆಕೆಂಡುಗಳಲ್ಲೇ ಇರುತ್ತದೆ.