ಹೊಸ್ತಿಲು ದಾಟದ ಕಾಲದಲ್ಲಿ ಪ್ಲೇಟಿಗೆ ಹಾಡಿದವರು

ಪ್ರಶ್ನೆ: ನಮ್ಮ ಹಳೇ ಮನೆಯ ಅಟ್ಟದಲ್ಲಿ ಗ್ರಾಮಫೋನ್ ಪ್ಲೇಟುಗಳು ಸಿಕ್ಕಿವೆ. ಹೆಚ್ಚಿನವು ಹೆಂಗಸರು ಹಾಡಿದವು, ಅದೂ ಶೃಂಗಾರದ ಹಾಡುಗಳು. ಹೆಂಗಸರು ಹೊಸ್ತಿಲು ದಾಟದ ಆ ಕಾಲದಲ್ಲಿ ಇದು ಹೇಗೆ ಸಾಧ್ಯವಾಯಿತು? — ಓದುಗರೊಬ್ಬರು, ಸೋಮವಾರಪೇಟೆ

ಹೊಸ್ತಿಲು ದಾಟದವರು ಬೇರೆ, ಹಾಡಿದವರು ಬೇರೆ. ‘ಮರ್ಯಾದಸ್ಥ’ ಮನೆಯ ಹೆಣ್ಣು ಪರಪುರುಷರೆದುರು ಹಾಡುವುದನ್ನು ಊರು ಒಪ್ಪುತ್ತಿರಲಿಲ್ಲ. ಹಾಡಿಯೇ ಬದುಕುತ್ತಿದ್ದವರು ಉತ್ತರದಲ್ಲಿ ತವಾಯಫರು, ನಮ್ಮ ಕಡೆ ದೇವದಾಸಿ ಮನೆತನದವರು. ಗ್ರಾಮಫೋನ್ ಕಂಪನಿಯವರು 1902ರಲ್ಲಿ ಹಾಡು ದಾಖಲಿಸಲು ಕಲ್ಕತ್ತೆಗೆ ಬಂದಾಗ ಅನೇಕ ಉಸ್ತಾದರು ಯಂತ್ರ ಕಂಡು ಮೂಗು ಮುರಿದರು. 3 ನಿಮಿಷದಲ್ಲಿ ಎಂಥ ರಾಗ ಹಾಡುವುದು! ಅಲ್ಲಿನ ಹೆಸರಾಂತ ತವಾಯಫ್ ಗೌಹರ್ ಜಾನ್ ಹಾಡಿ ತೋರಿಸಿದರು. ಕೊನೆಗೆ ‘ಮೈ ನೇಮ್ ಈಸ್ ಗೌಹರ್ ಜಾನ್’ ಎಂದು ಕೂಗಿ ಹೇಳಿದರು. ಇದು ಜಂಬವಲ್ಲ, ಪ್ಲೇಟು ಒತ್ತುತ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ, ಯಾರ ಹಾಡು ಯಾವುದೆಂದು ಅಲ್ಲಿಯವರಿಗೆ ತಿಳಿಯಬೇಕಿತ್ತು. ಆದರೂ ಹೆಣ್ಣೊಬ್ಬಳು ತನ್ನ ಹೆಸರನ್ನು ತಾನೇ ಸಾರಿದ್ದು ಮನೆಮನೆಗೂ ಕೇಳಿಸಿತಲ್ಲ, ಅದು ನನಗೆ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ. ಆಕೆ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರಲ್ಲಿ ಅಲ್ಲೇ ತೀರಿಕೊಂಡರು.

ಇನ್ನು ಶೃಂಗಾರ. ಅದು ಪ್ಲೇಟಿನ ಜೊತೆ ಬಂದ ಹೊಸ ಗಾಳಿಯೇನಲ್ಲ. ಉತ್ತರದ ಠುಮ್ರಿ, ನಮ್ಮ ಕಡೆಯ ಪದ, ಜಾವಳಿಗಳಂಥ ಪ್ರೇಮದ ಹಾಡುಗಳಲ್ಲಿ ನಾಯಕಿ ನಲ್ಲನನ್ನು ಕರೆಯುವುದು, ತಡವಾಗಿ ಬಂದರೆ ಗದರುವುದು, ಇನ್ನೊಬ್ಬಳ ಮನೆಗೆ ಹೋದದ್ದನ್ನು ಎತ್ತಿ ಆಡುವುದು ಹಿಂದಿನಿಂದಲೂ ಇತ್ತು. ಬೈಠಕ್ಕಿನಲ್ಲಿ ಕೆಲವರಷ್ಟೇ ಕೇಳುತ್ತಿದ್ದದ್ದು ಈಗ ನಡುಮನೆಗೆ ಬಂತು. ಸೆರಗು ಮುಚ್ಚಿಕೊಂಡು ಒಳಗೇ ಇದ್ದ ಹೆಂಗಸರಿಗೂ ಬಾಗಿಲ ಮರೆಯಿಂದ ಕೇಳಿಸಿತು.

ಕೆಲವರಿಗೆ ಕಸಿವಿಸಿಯಾದದ್ದು ಅಲ್ಲಿಯೇ. ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ ಕೂಡ ಪ್ಲೇಟಿಗೆ ಹಾಡಿದವರು. 18ನೇ ಶತಮಾನದ ಕವಯಿತ್ರಿ ಮುದ್ದುಪಳನಿಯ ತೆಲುಗು ಶೃಂಗಾರ ಕಾವ್ಯವನ್ನು ಆಕೆ 1910ರಲ್ಲಿ ಅಚ್ಚು ಹಾಕಿಸಿದರು. ಗಂಡಸರು ಬರೆದರೆ ಇಲ್ಲದ ನಾಚಿಕೆ ಹೆಂಗಸು ಬರೆದರೆ ಮಾತ್ರ ಏಕೆ ಎಂದು ಕೇಳಿದರು. ಸರ್ಕಾರ ಪುಸ್ತಕವನ್ನು ನಿಷೇಧಿಸಿತು. ಆ ನಿಷೇಧ ತೆರವಾಗಲು 1947 ಬರಬೇಕಾಯಿತು.

ಅಮೆರಿಕದಲ್ಲೂ ಬ್ಲೂಸ್ ಎಂಬ ಕರಿಯರ ಹಾಡನ್ನು ಪ್ಲೇಟಿಗೆ ತಂದು ಗೆದ್ದವರು ಕರಿಯ ಹೆಂಗಸರೇ. 1920ರಲ್ಲಿ ಮೇಮಿ ಸ್ಮಿತ್, ಆಮೇಲೆ ಮಾ ರೇನಿ, ಬೆಸ್ಸಿ ಸ್ಮಿತ್. ಗಂಡನ ಹೊಡೆತ, ಹೆಣ್ಣಿಗೆ ಹೆಣ್ಣಿನ ಮೇಲಿನ ಆಸೆ, ಎಲ್ಲವೂ ಅಲ್ಲಿ ಹಾಡಾಯಿತು.

ಒಂದು ಮಾತು ನಮ್ಮ ಕೊಡಗಿನ ಬಗ್ಗೆ. ಅಜ್ಜಿಯರ ಕಾಲ ಎಂದರೆ ಎಲ್ಲೆಡೆ ಒಂದೇ ಬಿಗಿ ಇತ್ತೆಂದು ತಿಳಿಯಬೇಡಿ. ಬೇರೆ ಕಡೆ ವಿಧವೆಯ ಮದುವೆಗೆ ಸುಧಾರಕರು ಹೋರಾಡುತ್ತಿದ್ದಾಗ ಕೊಡವರಲ್ಲಿ ಅದಕ್ಕೆ ಹಿಂದಿನಿಂದಲೂ ಅವಕಾಶವಿತ್ತು. ಹಾಗೆಂದು ಹಾಡಿನಲ್ಲಿ ಸಮಪಾಲು ಇತ್ತೇ? ಮದುವೆಯಲ್ಲಿ, ಪುತ್ತರಿ ಸುಗ್ಗಿ ಹಬ್ಬದಲ್ಲಿ ದುಡಿ ಎಂಬ ಪುಟ್ಟ ಚರ್ಮವಾದ್ಯ ಬಾರಿಸಿ ಹಾಡುವವರು ಗಂಡಸರೇ. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಪ್ರಕಟಿಸಿದ ಸಂಗ್ರಹದಲ್ಲಿ ಅಂಥ ಹಾಡುಗಳು ಉಳಿದಿವೆ. ಬದುಕಿನಲ್ಲಿ ಸಿಕ್ಕ ಸಡಿಲ ದುಡಿಯವರೆಗೆ ಬರಲಿಲ್ಲ.

ಮುಂದೆ ಆದದ್ದು ವಿಚಿತ್ರ. 1930ರ ನಂತರ ‘ಒಳ್ಳೆಯ ಮನೆತನ’ದ ಹೆಣ್ಣುಮಕ್ಕಳು ಕಚೇರಿಗೆ, ರೇಡಿಯೋಗೆ, ಸಿನಿಮಾಕ್ಕೆ ಬಂದರು. ಅದು ದೊಡ್ಡ ಗೆಲುವು, ಸಂಶಯವಿಲ್ಲ. ಆದರೆ ಅವರಿಗೆ ಜಾಗ ಸಿಕ್ಕಿದ್ದು ಭಕ್ತಿಯ ಹಾಡಿನಿಂದ. ಜಾವಳಿ ಕಚೇರಿಯ ಕೊನೆಯ ಮೂಲೆಗೆ ಸರಿಯಿತು. ದಾರಿ ತೆರೆದವರಿಗೋ ಬಾಗಿಲು ಮುಚ್ಚಿತು. 1940ರ ದಶಕದಲ್ಲಿ ಖಾಸಗಿ ಬದುಕು ಸರಿಯಿಲ್ಲ ಎಂಬ ಕಾರಣ ಹೇಳಿ ಇಂಥ ಗಾಯಕಿಯರನ್ನು ಆಕಾಶವಾಣಿ ಹೊರಗಿಟ್ಟಿತು. ಎಷ್ಟೋ ಜನ ಹಾಡುವ ವೃತ್ತಿಯ ಗುರುತಾಗಿದ್ದ ಹೆಸರಿನ ‘ಜಾನ್’, ‘ಬಾಯಿ’ ಬಿಟ್ಟು ‘ದೇವಿ’ ಆದರು. ನಿಮ್ಮಲ್ಲಿರುವ ಪ್ಲೇಟಿನ ಲೇಬಲ್ಲಿನ ಮೇಲೆ ‘ಜಾನ್’ ಎಂದಿದ್ದರೆ ಅದು ಬಹುಮಟ್ಟಿಗೆ ಈ ಬದಲಾವಣೆಗೆ ಮುಂಚಿನದು.