ಮಧ್ಯದ್ದು ಅಂದರೆ ಮಧ್ಯಾಹ್ನದ್ದಲ್ಲ

ಕೆಲವು ವರ್ಷಗಳ ಹಿಂದಿನ ಮಾತು. ಉರಿಮೂತ್ರ ಅಂತ ಬಂದಿದ್ದ ಒಬ್ಬ ಅಜ್ಜನಿಗೆ ನಮ್ಮ ಲ್ಯಾಬಿನ ಹುಡುಗ ಬೆಳಿಗ್ಗೆ ಎಂಟೂವರೆಗೆ ಡಬ್ಬಿ ಕೊಟ್ಟು, "ಮಧ್ಯದ್ದು ಹಿಡ್ಕೊಂಡು ಬನ್ನಿ ಅಜ್ಜಾ" ಅಂದಿದ್ದ. ಅಜ್ಜ ನಾಪತ್ತೆ. ಹೊರಗೆ ಬೆಂಚಿನ ಮೇಲೆ ಕೂತು, ಮಗನ ಜೊತೆ ಇಡ್ಲಿ ತಿಂದು, ಒಂದು ಸಣ್ಣ ನಿದ್ದೆಯನ್ನೂ ಮುಗಿಸಿ, ಹನ್ನೆರಡೂವರೆಗೆ ಸರಿಯಾಗಿ ಡಬ್ಬಿಯ ಕಂಠದವರೆಗೆ ತುಂಬಿಸಿಕೊಂಡು ಬಂದರು. "ಮಧ್ಯಾಹ್ನದ್ದು ಬೇಕು ಅಂದ್ರಲ್ಲಪ್ಪಾ!"

ನಾವೆಲ್ಲ ನಕ್ಕೆವು. ಆಮೇಲೆ ನನಗೇ ನಾಚಿಕೆಯಾಯಿತು. ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷದಿಂದ ಮೂತ್ರದ ಕಲ್ಚರ್ (ಅದರಲ್ಲಿರುವ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಮಾಡುತ್ತಿರುವ ನನಗೆ, ಹೊರಗಿನ ಕಿಟಕಿಯಲ್ಲಿ ರೋಗಿಗೆ ಏನು ಹೇಳಿ ಡಬ್ಬಿ ಕೊಡುತ್ತಾರೆ ಅಂತ ಆವತ್ತಿನವರೆಗೂ ಗೊತ್ತಿರಲಿಲ್ಲ. ನಾನು ಮೈಕ್ರೊಬಯಾಲಜಿಸ್ಟ್. ರೋಗಿಯ ಮುಖ ನೋಡುವುದು ಕಡಿಮೆ, ಡಬ್ಬಿಯ ಮುಚ್ಚಳ ನೋಡುವುದೇ ಜಾಸ್ತಿ. ಆದರೆ ಈ ಪರೀಕ್ಷೆಯ ಅರ್ಧ ಕೆಲಸ ನಡೆಯುವುದು ನನ್ನ ಲ್ಯಾಬಿನಲ್ಲಲ್ಲ, ನಿಮ್ಮ ಟಾಯ್ಲೆಟ್ಟಿನಲ್ಲಿ. ಅಲ್ಲಿ ಕೆಟ್ಟದ್ದನ್ನು ನಾನು ಇಲ್ಲಿ ಎಂಥ ಮೆಷಿನ್ ಇಟ್ಟುಕೊಂಡರೂ ಸರಿ ಮಾಡಲಾರೆ.

ಡಬ್ಬಿ ನಮ್ಮ ಕೈಗೆ ಬಂದ ಮೇಲೆ ಏನಾಗುತ್ತದೆ ಅಂತ ಮೊದಲು ಹೇಳಿಬಿಡುತ್ತೇನೆ. ಒಂದು ಕಡ್ಡಿ, ಅದರ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಪುಟ್ಟ ಬಳೆ. ಅದನ್ನು ಮೂತ್ರದಲ್ಲಿ ಅದ್ದಿ ತೆಗೆದರೆ ಮಿಲಿಲೀಟರಿನ ಸಾವಿರದಲ್ಲೊಂದು ಪಾಲು ಅಂಟಿಕೊಂಡು ಬರುತ್ತದೆ. ಅಷ್ಟನ್ನು ಪ್ಲೇಟಿನ ಮೇಲೆ ಗೀಚುತ್ತೇವೆ. ಪ್ಲೇಟಿನಲ್ಲಿ ನಾವು ಬಳಸುವುದು ಕ್ಲೆಡ್ ಅಗಾರ್ ಅನ್ನುವ ಬ್ಯಾಕ್ಟೀರಿಯಾದ ಊಟ, ನೋಡಲು ಹಸಿರು ನೀಲಿ ಜೆಲ್ಲಿಯ ಹಾಗೆ. 37 ಡಿಗ್ರಿ ಬಿಸಿಯ ಪೆಟ್ಟಿಗೆಯಲ್ಲಿ ರಾತ್ರಿಯಿಡೀ ಇಟ್ಟು ಬೆಳಿಗ್ಗೆ ತೆಗೆದರೆ, ಕಣ್ಣಿಗೆ ಕಾಣದಿದ್ದ ಒಂದೊಂದು ಬ್ಯಾಕ್ಟೀರಿಯಾವೂ ಒಂದೊಂದು ಚುಕ್ಕೆಯಾಗಿ ಬೆಳೆದು ಕೂತಿರುತ್ತದೆ. ಒಂದು ಚುಕ್ಕೆ ಕಂಡರೆ ಮಿಲಿಲೀಟರಿಗೆ 1000 ಅಂತ ಲೆಕ್ಕ. 100 ಚುಕ್ಕೆ ಕಂಡರೆ 1 ಲಕ್ಷ.

ಮೂತ್ರದ ಸೋಂಕಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಸಿಗುವುದು ಇ. ಕೋಲಿ. ಅದು ಬೆಳೆದರೆ ನೀಲಿ ಪ್ಲೇಟು ಹಳದಿಗೆ ತಿರುಗುತ್ತದೆ. ಕ್ಲೆಬ್ಸಿಯೆಲ್ಲಾ ಆದರೆ ಬೆಂಡೆಕಾಯಿ ಹೆಚ್ಚಿದ ಹಾಗೆ ಲೋಳೆ, ಕಡ್ಡಿ ತಾಗಿಸಿದರೆ ದಾರದಂತೆ ಎಳೆಯುತ್ತದೆ. ಸ್ಯೂಡೊಮೊನಾಸ್ ಮುಚ್ಚಳ ತೆಗೆಯುತ್ತಿದ್ದಂತೆಯೇ ದ್ರಾಕ್ಷಿ ವಾಸನೆ ಬಿಡುತ್ತದೆ. ಪ್ರೋಟಿಯಸ್ ಅನ್ನುವುದು ರಕ್ತ ಬೆರೆಸಿದ ಪ್ಲೇಟಿನಲ್ಲಿ ಕೆರೆಗೆ ಕಲ್ಲು ಹಾಕಿದಂತೆ ಅಲೆ ಅಲೆಯಾಗಿ ಹರಡಿ ಬೇರೆಯವನ್ನೆಲ್ಲ ಮುಚ್ಚಿಹಾಕುತ್ತದೆ, ಅದರ ಓಟಕ್ಕೆ ಕಡಿವಾಣ ಹಾಕುವುದು ಕ್ಲೆಡ್ ಬಳಸಲು ಒಂದು ಕಾರಣ. ಬೆಳಿಗ್ಗೆ ಪ್ಲೇಟು ಓದುವ ಹೊತ್ತು ನನಗೆ ದಿನದ ಅತ್ಯಂತ ಖುಷಿಯ ಹೊತ್ತು. ಮನೆಯಲ್ಲಿ ಹೇಳಿದರೆ ಯಾರೂ ಒಪ್ಪುವುದಿಲ್ಲ.

ಆದರೆ ಪ್ಲೇಟಿಗೆ ಊರು ಕೇರಿ ಗೊತ್ತಿಲ್ಲ. ಮೂತ್ರಕೋಶದಿಂದ ಬಂದ ಬ್ಯಾಕ್ಟೀರಿಯಾವೋ, ದಾರಿಯಲ್ಲಿ ಚರ್ಮದಿಂದ ಸೇರಿಕೊಂಡದ್ದೋ, ಡಬ್ಬಿಯ ಒಳಗೆ ತಾಗಿದ ಬೆರಳಿನದೋ, ಅದು ಕೇಳುವುದಿಲ್ಲ. ಊಟ ಹಾಕಿದೆ, ಬೆಳೆಯುತ್ತದೆ. ಮೂರ್ನಾಲ್ಕು ಜಾತಿ ಸೇರಿ ಬೆಳೆದರೆ ಪ್ಲೇಟು ಚಿತ್ರಾನ್ನ. ಆಗ ನಾವು 'ಮಿಶ್ರ ಬೆಳವಣಿಗೆ, ಮತ್ತೊಮ್ಮೆ ಕಳಿಸಿ' ಅಂತ ಬರೆಯುತ್ತೇವೆ. ರೋಗಿ ಬೈದುಕೊಳ್ಳುತ್ತಾರೆ, ಮತ್ತೆ ದುಡ್ಡು ಕೀಳೋಕೆ ಅಂತ. ನಿಜ ಹೇಳಬೇಕೆಂದರೆ ಅದು ಲ್ಯಾಬು ಕೊಡಬಹುದಾದ ಅತ್ಯಂತ ಪ್ರಾಮಾಣಿಕ ರಿಪೋರ್ಟು.

ಹಾಗಾದರೆ ಒಂದೇ ಜಾತಿ ಬೆಳೆದರೆ ಎಷ್ಟಿದ್ದರೆ ಸೋಂಕು? ಮಿಲಿಲೀಟರಿಗೆ 1 ಲಕ್ಷ ಮುಟ್ಟಿದರೆ ಅನ್ನುವುದು ರೂಢಿಯ ಲೆಕ್ಕ. ಈ ಗೆರೆ ಎಳೆದವರು ಅಮೆರಿಕದ ಬೋಸ್ಟನ್‌ನ ವೈದ್ಯ ಎಡ್ವರ್ಡ್ ಕ್ಯಾಸ್, 1956ರಲ್ಲಿ. ಕಿಡ್ನಿ ಸೋಂಕಿರುವ ಹೆಂಗಸರ ಮೂತ್ರವನ್ನೂ ಆರೋಗ್ಯವಾಗಿರುವವರ ಮೂತ್ರವನ್ನೂ ಎಣಿಸಿ ನೋಡಿ ಹೇಳಿದ ಲೆಕ್ಕ ಅದು. ಇವತ್ತಿಗೂ ರಿಪೋರ್ಟುಗಳಲ್ಲಿ ಅದೇ ನಡೆಯುತ್ತಿದೆ. ಹಾಗಂತ ಅದೇನು ಕಲ್ಲಿನ ಮೇಲೆ ಕೆತ್ತಿದ ಶಾಸನ ಅಲ್ಲ. ಉರಿ, ಪದೇ ಪದೇ ಹೋಗಬೇಕೆನ್ನಿಸುವುದು, ಹೊಟ್ಟೆಯ ಕೆಳಭಾಗ ನೋವು, ಇಷ್ಟೆಲ್ಲ ಇರುವ ಹೆಂಗಸಿಗೆ ಕೆಲವು ಸಾವಿರ ಇ. ಕೋಲಿ ಸಿಕ್ಕರೂ, ಎಷ್ಟೋ ಸಲ ಕೆಲವು ನೂರು ಸಿಕ್ಕರೂ, ಅದು ನಿಜವಾದ ಸೋಂಕೇ. ಏನೂ ತೊಂದರೆ ಇಲ್ಲದ ಎಂಬತ್ತರ ಅಜ್ಜಿಗೆ ಲಕ್ಷ ಸಿಕ್ಕರೂ ಸುಮ್ನೆ ಬಿಡಬಹುದು. ಮೂತ್ರ ಅಂದರೆ ಸ್ಟೆರೈಲ್, ಒಂದೂ ಬ್ಯಾಕ್ಟೀರಿಯಾ ಇಲ್ಲದ್ದು ಅಂತ ನಾವು ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೆವು. ಚಿಕಾಗೊದ ಲೊಯೋಲಾ ವಿಶ್ವವಿದ್ಯಾಲಯದವರು 2012ರಿಂದೀಚೆಗೆ ಆರೋಗ್ಯವಂತರ ಮೂತ್ರಕೋಶದಲ್ಲೂ ಬ್ಯಾಕ್ಟೀರಿಯಾ ವಾಸ ಇರುತ್ತವೆ ಅಂತ ತೋರಿಸಿಬಿಟ್ಟರು.

ಈಗ ಟಾಯ್ಲೆಟ್ಟಿಗೆ ಬರೋಣ.

ಮಧ್ಯದ್ದು ಅಂದರೆ ಹೋಗುತ್ತಿರುವ ಧಾರೆಯ ನಡುವಿನ ಭಾಗ. ಶುರುವಿನದು ದಾರಿ ತೊಳೆದುಕೊಂಡು ಬರುತ್ತದೆ, ಅದು ನಮಗೆ ಬೇಡ. ಹೆಂಗಸರು ಎಡಗೈ ಬೆರಳಿನಿಂದ ಚರ್ಮದ ಮಡಿಕೆ ಬಿಡಿಸಿ ಹಿಡಿದುಕೊಳ್ಳಬೇಕು, ಕೊನೆಯವರೆಗೂ ಬಿಡಬಾರದು. ಗಂಡಸರು ಮುಂದೊಗಲನ್ನು ಹಿಂದಕ್ಕೆ ಸರಿಸಬೇಕು. ಮೊದಲು ಸಾದಾ ನೀರಿನಲ್ಲಿ ತೊಳೆದುಕೊಂಡು ಒರೆಸಿಕೊಂಡರೆ ಸಾಕು. ಡೆಟಾಲ್ ಗಿಟಾಲ್ ಬೇಡ, ಅದು ಡಬ್ಬಿಗೆ ಬಿದ್ದರೆ ನಾವು ಹುಡುಕುತ್ತಿರುವುದನ್ನೇ ಕೊಲ್ಲುತ್ತದೆ. ಮೊದಲ ಸ್ವಲ್ಪ ಕೆಳಗೆ ಬಿಡಿ, ಧಾರೆ ನಿಲ್ಲಿಸದೆ ಡಬ್ಬಿ ಅಡ್ಡ ಹಿಡಿಯಿರಿ, ಅರ್ಧ ತುಂಬುವ ಮೊದಲೇ ತೆಗೆಯಿರಿ, ಉಳಿದದ್ದು ಮತ್ತೆ ಕೆಳಗೆ. ಡಬ್ಬಿಯ ಒಳಗೆ, ಮುಚ್ಚಳದ ಒಳಗೆ ಬೆರಳು ತಾಗಬಾರದು.

ಓದಲು ಸುಲಭ, ಅಲ್ವಾ? ಒಂದು ದಿನ ನಾನೇ ಹೊರರೋಗಿಗಳ ಟಾಯ್ಲೆಟ್ಟಿಗೆ ಡಬ್ಬಿ ಹಿಡಿದು ಹೋಗಿ ನೋಡಿದೆ. ನೆಲವೆಲ್ಲ ಒದ್ದೆ. ಚಿಲಕ ಅರ್ಧ ಮಾತ್ರ ಬೀಳುತ್ತದೆ, ಒಂದು ಕೈ ಬಾಗಿಲಿಗೆ ಬೇಕು. ಸೀರೆ ಎತ್ತಿ ಹಿಡಿಯಲು ಒಂದು ಕೈ. ಬ್ಯಾಗು ಕಂಕುಳಲ್ಲಿ, ಮೊಬೈಲು ಬಾಯಲ್ಲಿ. ಇನ್ನು ಮುಚ್ಚಳ ಎಲ್ಲಿಡಬೇಕು? ಆ ಒದ್ದೆ ನೆಲದ ಮೇಲೆ, ಇಲ್ಲವೇ ಬಕೆಟ್ಟಿನ ಅಂಚಿನ ಮೇಲೆ. ಮಡಿಕೆ ಬಿಡಿಸಿ ಹಿಡಿಯುವ ಕೈ ಯಾವುದು? ದೇವರು ಕೊಟ್ಟಿರುವುದು ಎರಡೇ. ಅಷ್ಟು ವರ್ಷ 'ರೋಗಿಗಳಿಗೆ ಶಿಸ್ತಿಲ್ಲ' ಅಂತ ಗೊಣಗುತ್ತಿದ್ದವಳು ಆವತ್ತು ಬಾಯಿ ಮುಚ್ಚಿಕೊಂಡೆ.

ಮನೆಯಿಂದ ತರುವವರದು ಇನ್ನೊಂದು ಕಥೆ. ಕೆಮ್ಮಿನ ಸಿರಪ್ ಬಾಟಲಿ, ಉಪ್ಪಿನಕಾಯಿ ಡಬ್ಬಿ, ತೊಳೆದಿದ್ದೀನಿ ಮೇಡಂ ಅನ್ನುತ್ತಾರೆ. ಕಲ್ಚರಿಗೆ ತೊಳೆದದ್ದು ಸಾಲದು, ಸ್ಟೆರೈಲ್ ಡಬ್ಬಿಯೇ ಬೇಕು, ಬಳಸುವ ಕ್ಷಣದವರೆಗೆ ಅದನ್ನು ತೆರೆಯಬಾರದು. ಬೆಳಗಿನ ಮೊದಲ ಮೂತ್ರ ಒಳ್ಳೆಯದು, ರಾತ್ರಿಯಿಡೀ ಒಳಗೆ ನಿಂತು ಬ್ಯಾಕ್ಟೀರಿಯಾ ಹೆಚ್ಚಿರುತ್ತವೆ. ಬೇಗ ಬರಲಿ ಅಂತ ಎರಡು ಲೀಟರ್ ನೀರು ಕುಡಿದು ಕೊಟ್ಟರೆ ನೀರಿನದೇ ಕಲ್ಚರ್ ಮಾಡಿದ ಹಾಗೆ.

ಎಲ್ಲಕ್ಕಿಂತ ದೊಡ್ಡ ಶತ್ರು ಹೊತ್ತು. ಇದನ್ನು ನಾನು ನನ್ನ ಅಮ್ಮನ ಡಬ್ಬಿಯಲ್ಲೇ ಕಲಿತೆ. ಒಂದು ಮೇ ತಿಂಗಳು ಅಮ್ಮನಿಗೆ ಸುಸ್ತು. ಯಾವುದಕ್ಕೂ ಇರಲಿ ಅಂತ ಕಲ್ಚರಿಗೆ ಕೊಡಿಸಿದೆ. ಅಮ್ಮ ಹೇಳಿದ ಹಾಗೆಯೇ ಹಿಡಿದುಕೊಟ್ಟಳು. ನಾನು ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡು ಹೊರಟವಳು ದಾರಿಯಲ್ಲಿ ತರಕಾರಿ, ಬ್ಯಾಂಕು, ಚಿಕ್ಕಮ್ಮನ ಮನೆ ಎಲ್ಲ ಮುಗಿಸಿ ಲ್ಯಾಬು ಸೇರುವಾಗ ನಾಲ್ಕು ಗಂಟೆ ಕಳೆದಿತ್ತು. ಮರುದಿನ ಪ್ಲೇಟು ಪೂರ್ತಿ ಹಳದಿ. ಲಕ್ಷಕ್ಕಿಂತ ಜಾಸ್ತಿ ಇ. ಕೋಲಿ. ಔಷಧಿ ಶುರು ಮಾಡೋಣ ಅಂತ ಫೋನ್ ಎತ್ತಿದೆ. ಪಕ್ಕದಲ್ಲಿದ್ದ ಜೂನಿಯರ್ ಮೆಲ್ಲಗೆ, "ಮೇಡಂ, ಎಷ್ಟು ಗಂಟೆಗೆ ಹಿಡಿದಿದ್ದು?" ಅಂದಳು. ಬೇರೆಯವರಿಗೆ ದಿನಾ ನಾನೇ ಕೇಳುವ ಪ್ರಶ್ನೆ.

ಲೆಕ್ಕ ಹಾಕಿ ನೋಡಿ. ಬೆಚ್ಚಗಿನ ಜಾಗ ಸಿಕ್ಕರೆ ಇ. ಕೋಲಿ 20 ನಿಮಿಷಕ್ಕೊಮ್ಮೆ ಎರಡರಷ್ಟಾಗಬಲ್ಲದು. 300 ಇದ್ದದ್ದು ಆ ವೇಗದಲ್ಲಿ ಮೂರು ಗಂಟೆಗೆ ಒಂದೂವರೆ ಲಕ್ಷ ದಾಟುತ್ತದೆ. ಮೂತ್ರಕೋಶದಲ್ಲಿ ಇಲ್ಲದ ಸೋಂಕು ಬ್ಯಾಗಿನಲ್ಲಿ ಹುಟ್ಟುತ್ತದೆ. ಅದಕ್ಕೇ ನಿಯಮ: ಹಿಡಿದ ಎರಡು ಗಂಟೆಯೊಳಗೆ ಲ್ಯಾಬಿಗೆ. ಆಗದಿದ್ದರೆ ಫ್ರಿಜ್ಜಿನಲ್ಲಿ, 24 ಗಂಟೆ ಮೀರದಂತೆ. ದೂರದ ಊರಿನಿಂದ ಬಸ್ಸಿನಲ್ಲಿ ಬರುವ ಸ್ಯಾಂಪಲ್ಲಿಗೆ ಬೋರಿಕ್ ಆಸಿಡ್ ಹಾಕಿದ ಡಬ್ಬಿಗಳಿವೆ, ಅದರಲ್ಲಿ ಬ್ಯಾಕ್ಟೀರಿಯಾ ಸಾಯುವುದೂ ಇಲ್ಲ, ಹೆಚ್ಚುವುದೂ ಇಲ್ಲ, ಇದ್ದ ಹಾಗೇ ಇರುತ್ತವೆ, ಆದರೆ ಗೆರೆಯವರೆಗೆ ತುಂಬಿಸಿದ್ದರೆ ಮಾತ್ರ. ಅಮ್ಮನ ಎರಡನೇ ಸ್ಯಾಂಪಲ್ಲನ್ನು ಐಸ್ ಜೊತೆ ಅರ್ಧ ಗಂಟೆಯಲ್ಲಿ ತಲುಪಿಸಿದೆ. ಮೂರು ಚುಕ್ಕೆ ಬೆಳೆದವು. ಉರಿ ಇಲ್ಲ, ಜ್ವರ ಇಲ್ಲ, ಔಷಧಿಯೂ ಇಲ್ಲ. ಸುಸ್ತಿಗೆ ಕಾರಣ, ಅವಳು ಹದಿನೈದು ದಿನದಿಂದ ಥೈರಾಯ್ಡ್ ಮಾತ್ರೆ ನುಂಗದೇ ಇದ್ದದ್ದು.

'ಯೂರಿನ್ ಟೆಸ್ಟ್ ಮಾಡಿಸಿದ್ದೀವಲ್ಲ, ಮತ್ತೆ ಕಲ್ಚರ್ ಯಾಕೆ' ಅಂತ ಕೇಳುವವರು ತುಂಬ. ಮೂತ್ರದಲ್ಲಿ ಒಂದು ಪಟ್ಟಿ ಅದ್ದಿ ಬಣ್ಣ ನೋಡುವ, ಹತ್ತು ನಿಮಿಷದಲ್ಲಿ ಸಿಗುವ ಪಟ್ಟಿ ಪರೀಕ್ಷೆ ಎರಡು ಸುಳಿವು ಕೊಡುತ್ತದೆ, ಕೀವಿನ ಕಣದ್ದೊಂದು, ನೈಟ್ರೈಟಿನದ್ದೊಂದು. ಇ. ಕೋಲಿಯಂಥವು ಮೂತ್ರದಲ್ಲಿರುವ ನೈಟ್ರೇಟನ್ನು ನೈಟ್ರೈಟ್ ಮಾಡುತ್ತವೆ, ಅದಕ್ಕೆ ಮೂತ್ರ ನಾಲ್ಕು ಗಂಟೆಯಾದರೂ ಒಳಗೆ ನಿಂತಿರಬೇಕು. ಉರಿಮೂತ್ರದವರು ಅರ್ಧ ಗಂಟೆಗೊಮ್ಮೆ ಹೋಗುತ್ತಿರುತ್ತಾರೆ, ಎಲ್ಲಿ ನಿಲ್ಲಬೇಕು? ಎಂಟರೊಕಾಕಸ್ ಅನ್ನುವ ಬ್ಯಾಕ್ಟೀರಿಯಾ ಅಂತೂ ಆ ಕೆಲಸ ಮಾಡುವುದೇ ಇಲ್ಲ. ಪಟ್ಟಿ ನೆಗೆಟಿವ್ ಬಂತು ಅಂತ ಸೋಂಕಿಲ್ಲ ಅನ್ನಲಾಗದು. ಯಾವ ಬ್ಯಾಕ್ಟೀರಿಯಾ, ಯಾವ ಔಷಧಿ ಅನ್ನುವುದು ಕಲ್ಚರಿನಲ್ಲಿ ಮಾತ್ರ ತಿಳಿಯುತ್ತದೆ. ಬೆಳೆಯಲು ಒಂದು ದಿನ, ಔಷಧಿ ಪರೀಕ್ಷೆಗೆ ಇನ್ನೊಂದು ದಿನ. ಸಂಜೆಗೆ ರಿಪೋರ್ಟ್ ಕೊಡಿ ಅಂದರೆ ಆಗುವುದಿಲ್ಲ, ದೋಸೆ ಹಿಟ್ಟು ಹುದುಗಲೂ ರಾತ್ರಿ ಬೇಕು.

ಡಬ್ಬಿ ಕೊಡುವ ಮೊದಲು ಮನೆಯಲ್ಲಿ ಉಳಿದಿದ್ದ ಆ್ಯಂಟಿಬಯೋಟಿಕ್ ಒಂದು ಮಾತ್ರೆ ನುಂಗಿದರೂ ಪ್ಲೇಟು ಖಾಲಿ ಬರಬಹುದು. ಎಳನೀರು ಕುಡಿಯಿರಿ, ಬಾರ್ಲಿ ನೀರು ಕುಡಿಯಿರಿ, ಉಷ್ಣ ಅಂದುಕೊಳ್ಳಿ, ನನ್ನ ತಕರಾರಿಲ್ಲ. ಮಾತ್ರೆ ಮಾತ್ರ ಡಬ್ಬಿ ಕೊಟ್ಟ ಮೇಲೆ. ಈಗಾಗಲೇ ನುಂಗಿದ್ದರೆ ಮುಚ್ಚಿಡದೆ ಹೇಳಿ, ಚೀಟಿಯಲ್ಲಿ ಬರೆಯುತ್ತೇವೆ. ಕೀವಿನ ಕಣ ತುಂಬ ಇದ್ದು ಕಲ್ಚರ್ ಪದೇ ಪದೇ ಖಾಲಿ ಬರುತ್ತಿದ್ದರೆ ಕಿಡ್ನಿಯ ಕ್ಷಯವೂ ಇರಬಹುದು. ಅದಕ್ಕೆ ದಾರಿಯೇ ಬೇರೆ: ಮೂರು ದಿನ, ಬೆಳಗಿನ ಮೊದಲ ಮೂತ್ರ, ನಡುವಿನದಷ್ಟೇ ಅಲ್ಲ, ಪೂರ್ತಿ.

ಪೈಪ್ ಹಾಕಿರುವವರ ಮನೆಯವರು ಚೀಲದ ನಲ್ಲಿ ತಿರುಗಿಸಿ ಹಿಡಿದು ತರುತ್ತಾರೆ. ದಯವಿಟ್ಟು ಬೇಡ. ಆ ಚೀಲದ ಮೂತ್ರ ಗಂಟೆಗಟ್ಟಲೆ ನಿಂತದ್ದು. ಪೈಪಿನಲ್ಲೇ ಸ್ಯಾಂಪಲ್ಲಿಗೆ ಅಂತ ಒಂದು ಜಾಗ ಇರುತ್ತದೆ, ಅಲ್ಲಿ ಸ್ಪಿರಿಟ್ ಒರೆಸಿ ಸಿರಿಂಜಿನಿಂದ ಎಳೆಯುವುದು ನರ್ಸ್ ಕೆಲಸ. ತೆಗೆದ ಪೈಪಿನ ತುದಿ ಕತ್ತರಿಸಿ ಕಲ್ಚರಿಗೆ ಕಳಿಸುವವರು ಈಗಲೂ ಇದ್ದಾರೆ, ನಾನು ವಾಪಸ್ ಕಳಿಸುತ್ತೇನೆ. ಮಗುವಿಗೆ ಅಂಟಿಸುವ ಪ್ಲಾಸ್ಟಿಕ್ ಚೀಲವೂ ಹಾಗೇ, ಅದರಲ್ಲಿ ಏನೂ ಬೆಳೆಯದಿದ್ದರೆ ನಂಬಬಹುದು, ಬೆಳೆದರೆ ನಂಬುವಂತಿಲ್ಲ. ಹೊಕ್ಕುಳ ಕೆಳಗೆ ತಣ್ಣನೆ ಒದ್ದೆ ಬಟ್ಟೆಯಿಂದ ಮೆಲ್ಲಗೆ ಉಜ್ಜುತ್ತಾ ಡಬ್ಬಿ ಹಿಡಿದು ಕಾಯುವ ಉಪಾಯವೊಂದಿದೆ. ಆಸ್ಟ್ರೇಲಿಯಾದವರು 2017ರಲ್ಲಿ ಪರೀಕ್ಷೆ ಮಾಡಿ ನೋಡಿದಾಗ ಐದು ನಿಮಿಷದೊಳಗೆ 100ರಲ್ಲಿ 31 ಮಕ್ಕಳು ಉಚ್ಚೆ ಹೊಯ್ದಿದ್ದವು, ಸುಮ್ಮನೆ ಕಾದವರಲ್ಲಿ 12. ನಮ್ಮ ಬಾಣಂತಿ ಕೋಣೆಯ ಅಜ್ಜಿಯರಿಗೆ ಇದೇನು ಹೊಸದಾಗಿ ಕಾಣುವುದಿಲ್ಲ.

ರಿಪೋರ್ಟಿನಲ್ಲಿ ಔಷಧಿಗಳ ಉದ್ದ ಪಟ್ಟಿ ನೋಡಿ 'ಇದಕ್ಕೆ 24 ಮಿಲಿಮೀಟರ್, ಅದಕ್ಕೆ 18, ಹಾಗಾದರೆ ಇದೇ ಜೋರು' ಅಂತ ನೀವೇ ಆರಿಸಬೇಡಿ. ಆ ಮಿಲಿಮೀಟರು ಪ್ಲೇಟಿನಲ್ಲಿ ಔಷಧಿಯ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದೆ ಉಳಿದ ಖಾಲಿ ವೃತ್ತದ ಅಳತೆ, ಒಂದೊಂದು ಔಷಧಿಗೆ ಒಂದೊಂದು ಅಳತೆಗೋಲು. ನೈಟ್ರೊಫ್ಯುರಾಂಟಾಯಿನ್ ಮೂತ್ರಕೋಶದ ಸೋಂಕಿಗೆ ಒಳ್ಳೆಯ ಔಷಧಿ, ಕಿಡ್ನಿಯವರೆಗೆ ಏರಿ ಚಳಿ ಜ್ವರ ಬಂದಿದ್ದರೆ ಸಾಲದು, ರಿಪೋರ್ಟಿನಲ್ಲಿ ಅದರ ಮುಂದೆ ಕೆಲಸ ಮಾಡುತ್ತದೆ ಅಂತಲೇ ಇದ್ದರೂ. ತೊಂದರೆ ಇಲ್ಲದಿದ್ದರೂ ಕಲ್ಚರ್ ಮಾಡಿಸಿ, ಬೆಳೆದರೆ ಔಷಧಿ ಕೊಡಲೇಬೇಕಾದದ್ದು ಬಸುರಿಯರಿಗೆ, ಯಾಕೆಂದರೆ ಅವರಲ್ಲಿ ಸುಮ್ಮನಿದ್ದ ಸೋಂಕು ಕಿಡ್ನಿಗೆ ಏರುವುದು ಜಾಸ್ತಿ.

ಅಜ್ಜನ ವಿಷಯಕ್ಕೆ ಬಂದರೆ, ಲ್ಯಾಬಿನ ಹುಡುಗ ಈಗ ಮಧ್ಯದ್ದು ಅನ್ನುವ ಮಾತೇ ಆಡುವುದಿಲ್ಲ. ಸಿಂಕಿನ ನಲ್ಲಿ ಬಿಟ್ಟು, ಸ್ವಲ್ಪ ಹರಿಯಲು ಬಿಟ್ಟು, ಡಬ್ಬಿ ಒಡ್ಡಿ ತೆಗೆದು, ಆಮೇಲೆ ನಲ್ಲಿ ನಿಲ್ಲಿಸಿ ತೋರಿಸುತ್ತಾನೆ. ಎಲ್ಲರಿಗೂ ಅರ್ಥವಾಗುತ್ತದೆ. ಟಾಯ್ಲೆಟ್ಟಿಗೂ ಚಿಲಕ ಸರಿ ಮಾಡಿಸಿದೆವು, ಮುಚ್ಚಳ ಇಡಲು ಒಂದು ಹಲಗೆ, ಬ್ಯಾಗು ನೇತುಹಾಕಲು ಒಂದು ಮೊಳೆ. ಆ ಮೊಳೆಗೆ ಯಾರೋ ದಿನಾ ನೆಲ ಒರೆಸುವ ಬಟ್ಟೆ ಒಣಗಿಹಾಕುತ್ತಾರೆ, ಬೆಳಿಗ್ಗೆ ಪ್ಲೇಟು ಓದುವ ಮೊದಲು ನಾನೇ ಹೋಗಿ ತೆಗೆದು ಬರುತ್ತೇನೆ.